ಮೇಘಲೋಕದ ಕರಣಿಕರೂ ಅವರ ಲೇಖನಸಾಮಗ್ರಿಯೂ

ಪ್ರತಿಯೊಂದು ಕಸುಬಿಗೂ ಅದಕ್ಕೆ ತಕ್ಕ ಉಪಕರಣಗಳಿರುವುವು. ಬಡಗಿಗೆ ಉಳಿ ಬಾಚಿಗಳು, ಅಕ್ಕಸಾಲಿಗನಿಗೆ ಚಿಮುಟ ಕುಲುಮೆಗಳು, ತಾಳೆಯೋಲೆಯ ಮೇಲೆ ಗ್ರಂಥಗಳನ್ನು ಬರೆಯುತ್ತಿದ್ದ ಲಿಪಿಕಾರನಿಗೆ ಕಬ್ಬಿಣದ ಕಂಟ. ಉಪಕರಣವು ಕೈಗೆ ಹೊಂದದಿದ್ದರೆ ಕುಶಲರ ಕೆಲಸವೂ ಕೆಡುವುದೆಂಬುದನ್ನು, ಮೊಂಡಾದ ಈಳಿಗೆಮಣೆಯೊಡನೆ ಹೆಣಗಿರುವ ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಇಂದು ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ, ಬೆಂಗಳೂರಿನಲ್ಲಂತೂ ಬೀದಿಬೀದಿಯಲ್ಲಿಯೂ, ಮಗನೋ ಮಗಳೋ ಸೊಸೆಯೋ ಬೆಳಗಿನಿಂದ ರಾತ್ರಿಯವರೆಗೆ ಕಪ್ಪು ತೆರೆಯೊಂದರ ಮುಂದೆ ಕುಳಿತು ಬಣ್ಣಬಣ್ಣದ ಸಾಲುಗಳನ್ನು ಬರೆಯುತ್ತಿರುವರು. ಕೇಳಿದವರಿಗೆ ಹಿರಿಯರು "ಏನೋ ಕಂಪ್ಯೂಟರಿನ ಕೆಲಸವಂತೆ" ಎಂದು ಹೇಳಿ ಸುಮ್ಮನಾಗುವರು. ಆ ಮಕ್ಕಳ ಕೈಯಲ್ಲಿರುವ ಲೇಖನಿ ಎಂಥದು, ಅದರಿಂದ ಅವರು ಬಯಸುವುದೇನು, ಅದು ಜಾರಿದರೆ ಆಗುವುದೇನು, ಎಂಬುದನ್ನು ಮನೆಯವರು ತಿಳಿದಿರುವುದು ಒಳ್ಳೆಯದೆಂದು ನಾವು ಈ ಲೇಖನಕ್ಕೆ ತೊಡಗಿರುವೆವು. ನಾವು ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಇದು ನಮ್ಮ ವಿದ್ಯೆಯಲ್ಲ. ಆದರೆ ನಮ್ಮಲ್ಲಿ ಶಬ್ದರೂಪಗಳನ್ನು ಕಂಠಪಾಠ ಮಾಡಿದ ಹುಡುಗರು ಹಲವರು ಈ ಕಸುಬಿಗೆ ಹೋಗಿರುವುದರಿಂದ, ಅವರನ್ನು ಕೇಳಿಯೂ ಸ್ವತಃ ಓದಿಯೂ ತಿಳಿದುದನ್ನು ಹೇಳುವೆವು.

ಮೊದಲು ಶಬ್ದಗಳ ವಿಚಾರ. ಯಂತ್ರವು ಮಾಡಬೇಕಾದುದನ್ನು ಸೂತ್ರರೂಪದಲ್ಲಿ ಬರೆದ ಆಜ್ಞೆಗಳಿಗೆ ಅವರು ಕೋಡ್ ಎನ್ನುವರು. ಕನ್ನಡದಲ್ಲಿ ಕೋಡೆಂದರೆ ಕೊಂಬು. ಅಜಾಗರೂಕರನ್ನು ತಿವಿಯುವ ಗುಣವು ಎರಡಕ್ಕೂ ಸಮಾನವಾದುದರಿಂದ ಹೆಸರು ಸಲ್ಲುವುದು. ಆ ಆಜ್ಞೆಗಳನ್ನು ಬರೆಯುವುದಕ್ಕೂ ತಿದ್ದುವುದಕ್ಕೂ ಇರುವ ಸಾಧನವೇ ಎಡಿಟರ್. ಇದು ಪತ್ರಿಕೆಯ ಸಂಪಾದಕರಂತೆ ಮನುಷ್ಯನಲ್ಲ. ಆದರೂ ಬರೆಯುವವರಿಗೆ ಇಬ್ಬರ ಮೇಲೂ ಆಗಾಗ ಮುನಿಸು ಬರುವುದುಂಟು. ಇನ್ನು ಕ್ಲೌಡ್, ಎಂದರೆ ಮೇಘ. ಎಲ್ಲಕ್ಕಿಂತಲೂ ಮರುಳುಗೊಳಿಸುವ ಹೆಸರು ಇದೇ. ಆಕಾಶದಲ್ಲಿ ಏನೂ ಇಲ್ಲ. ಯಾವುದೋ ಊರಿನಲ್ಲಿ ಒಂದು ದೊಡ್ಡ ಕಟ್ಟಡ, ಅದರೊಳಗೆ ಬೀರುಗಳಲ್ಲಿ ಜೋಡಿಸಿದ ಸಾವಿರಾರು ಕಂಪ್ಯೂಟರುಗಳು, ಅವು ಕಾಯದಂತೆ ಸದಾ ಬೀಸುವ ತಂಪುಗಾಳಿ; ಇಷ್ಟೇ ಮೇಘ. ಆ ಯಂತ್ರಗಳನ್ನು ಬೇಕಾದಷ್ಟು ಹೊತ್ತಿಗೆ ಬೇಕಾದಷ್ಟನ್ನು ಬಾಡಿಗೆಗೆ ಕೊಡುವರು. ಅಮೆರಿಕಾದ ಅಮೆಜಾನ್ ಕಂಪೆನಿಯು ೨೦೦೬ ನೆಯ ಇಸವಿಯ ಮಾರ್ಚಿಯಲ್ಲಿ ದಾಸ್ತಾನಿನ ಸ್ಥಳವನ್ನೂ ಆಗಸ್ಟಿನಲ್ಲಿ ಕಂಪ್ಯೂಟರುಗಳನ್ನೂ ಹೀಗೆ ಬಾಡಿಗೆಗೆ ಬಿಡಲಾರಂಭಿಸಿತು. ಮೈಕ್ರೋಸಾಫ್ಟ್, ಗೂಗಲ್ ಮೊದಲಾದವರು ಹಿಂದೆಯೇ ಬಂದರು. ಅಮೆಜಾನಿನವರ ಇಂಥ ಕಟ್ಟಡಗಳು ೨೦೧೬ ರಿಂದ ಮುಂಬಯಿಯಲ್ಲಿಯೂ ೨೦೨೨ ರಿಂದ ಹೈದರಾಬಾದಿನಲ್ಲಿಯೂ ಇರುವುವು. ಆದುದರಿಂದ ಜಯನಗರದ ಮನೆಯ ಮಹಡಿಯಲ್ಲಿ ಕುಳಿತು ಬರೆದುದು ನಡೆಯುವುದು ಮುಂಬಯಿಯಲ್ಲಿ, ಇಲ್ಲವೆ ಸಮುದ್ರದಾಚೆಯ ವರ್ಜೀನಿಯಾದಲ್ಲಿ. ಬರೆಯುವ ಕೈ ಇಲ್ಲಿ, ನಡೆಸುವ ಯಂತ್ರ ಅಲ್ಲಿ. ಈ ಕಸುಬಿನವರು ತಮ್ಮ ಉಪಕರಣಗಳಿಂದ ಏನೇನನ್ನು ಬಯಸುವರೋ ಅದರಲ್ಲಿ ಬಹುಭಾಗವು ಈ ಒಂದು ದೂರದಿಂದಲೇ ಹುಟ್ಟಿದುದೆಂದು ನಮಗೆ ತೋರುವುದು.

ಈ ದೂರವೇನೂ ಹೊಸತಲ್ಲ. ನ್ಯೂಜೆರ್ಸಿಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಎಂಬ ವಿದ್ವಾಂಸರು ೧೯೬೯ ರಲ್ಲಿ 'ಎಡ್' ಎಂಬ ಎಡಿಟರನ್ನು ರಚಿಸಿದರು. ಅವರ ಮುಂದೆ ಇದ್ದುದು ಗಾಜಿನ ತೆರೆಯಲ್ಲ, ಟೈಪ್‌ರೈಟರಿನಂಥ ಯಂತ್ರ. ಕುಟ್ಟಿದುದು ಕಾಗದದ ಸುರುಳಿಯ ಮೇಲೆ ಮೂಡುತ್ತಿದ್ದಿತು. ಬರೆದ ಪುಟವು ಕಣ್ಣಿಗೆ ಕಾಣುತ್ತಿರಲಿಲ್ಲವಾದ್ದರಿಂದ "ಹತ್ತನೆಯ ಸಾಲನ್ನು ತೋರಿಸು", "ಅಲ್ಲಿ ಈ ಪದವನ್ನು ತೆಗೆದು ಆ ಪದವನ್ನು ಇಡು" ಎಂದು ಒಂದೊಂದಾಗಿ ಅಪ್ಪಣೆ ಕೊಡಬೇಕಾಗಿದ್ದಿತು. ಅಪ್ಪಣೆಯಲ್ಲಿ ತಪ್ಪಿದ್ದರೆ 'ಎಡ್' ಕೊಡುತ್ತಿದ್ದ ಉತ್ತರ ಒಂದೇ: ಒಂದು ಪ್ರಶ್ನಾರ್ಥಕ ಚಿಹ್ನೆ. ನಮ್ಮ ಗುರುಗಳಲ್ಲಿ ಒಬ್ಬರು ಹೀಗೆಯೇ ಇದ್ದರು. ಹುಡುಗನು ತಪ್ಪಿದಾಗ ಕನ್ನಡಕದ ಮೇಲಿನಿಂದ ಒಮ್ಮೆ ನೋಡುವರು, ಅಷ್ಟೆ. ಕೆಟ್ಟುದು ಲಿಂಗವೋ ವಚನವೋ ವಿಭಕ್ತಿಯೋ ಎಂಬುದನ್ನು ಹುಡುಗನೇ ಬೆವರಿ ಕಂಡುಕೊಳ್ಳಬೇಕು.

ಏಳು ವರ್ಷಗಳ ತರುವಾಯ, ೧೯೭೬ ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬಿಲ್ ಜಾಯ್ ಎಂಬವರು 'ವೀ-ಐ' ಎಂಬುದನ್ನು ಬರೆದರು. ಇಷ್ಟರಲ್ಲಿ ತೆರೆ ಬಂದಿದ್ದಿತು. ಆದರೆ ಅವರು ಮನೆಯಲ್ಲಿ ಕುಳಿತು, ಟೆಲಿಫೋನಿನ ತಂತಿಯ ಮೂಲಕ ವಿಶ್ವವಿದ್ಯಾಲಯದ ಯಂತ್ರದೊಡನೆ ವ್ಯವಹರಿಸಬೇಕಾಗಿದ್ದಿತು. ಆ ತಂತಿಯಲ್ಲಿ ಸೆಕೆಂಡಿಗೆ ಹರಿಯುತ್ತಿದ್ದುದು ಸುಮಾರು ೩೦ ಅಕ್ಷರ. ಸಾಲಿಗೆ ೮೦ ಅಕ್ಷರದಂತೆ ೨೪ ಸಾಲಿನ ತೆರೆಯೆಂದರೆ ೧೯೨೦ ಅಕ್ಷರಗಳಾದುವು. ಒಂದು ಪುಟ ತುಂಬಿ ಕಾಣಬೇಕಾದರೆ ೬೪ ಸೆಕೆಂಡು ಕಾದಿರಬೇಕು! ಇಂಥ ಬಡತನದಲ್ಲಿ ಹುಟ್ಟಿದ ಎಡಿಟರಾದುದರಿಂದ ಅದರಲ್ಲಿ ಒಂದಕ್ಷರವೂ ವ್ಯರ್ಥವಿಲ್ಲ. 'ಡಬ್ಲ್ಯು' ಒತ್ತಿದರೆ ಒಂದು ಪದ ಮುಂದಕ್ಕೆ, 'ಡಿ' ಎಂದು ಎರಡು ಸಲ ಒತ್ತಿದರೆ ಒಂದು ಸಾಲು ಮಾಯ. ಅರ್ಧಮಾತ್ರೆಯ ಲಾಘವಕ್ಕೂ ಹಿಗ್ಗುವ ನಮ್ಮ ವೈಯಾಕರಣರು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರು. ಈಗಿನ ತಂತಿಗಳಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಅಕ್ಷರಗಳು ಹರಿಯುವುವು. ಆದರೂ ಬಿಲ್ ಜಾಯ್ ಅವರ ಕಷ್ಟವು ಬೇರೆ ವೇಷದಲ್ಲಿ ಇಂದಿಗೂ ಉಳಿದಿದೆ.

ಹೇಗೆಂದರೆ, ಮೇಘದಲ್ಲಿ ನಡೆಯಬೇಕಾದ ಪ್ರೋಗ್ರಾಮಿನಲ್ಲಿ ಒಂದು ಸಾಲನ್ನು ತಿದ್ದಿದರೆ ಅದು ಸರಿಯಾಯಿತೇ ಎಂದು ಆಗಲೇ ತಿಳಿಯದು. ಅದನ್ನು ಗಂಟುಕಟ್ಟಿ, ದೂರದ ಯಂತ್ರಕ್ಕೆ ಏರಿಸಿ, ಅಲ್ಲಿ ಅದು ಎದ್ದು ನಿಲ್ಲುವವರೆಗೆ ಕಾದು, ಬಳಿಕ ನೋಡಬೇಕು. ಐದು ಹತ್ತು ನಿಮಿಷಗಳಾಗಬಹುದು. ಒಲೆಯು ಎದುರು ಬೀದಿಯ ಮನೆಯಲ್ಲಿದ್ದು, ಒಂದು ಚಿಟಿಕೆ ಉಪ್ಪು ಹಾಕಿದಾಗಲೆಲ್ಲ ಅಲ್ಲಿಗೆ ಹೋಗಿ ರುಚಿನೋಡಿ ಬರಬೇಕಾದರೆ ಸಾರು ಹೇಗೆ ಆದೀತು? ಕಾಯುವ ಹೊತ್ತು ಮಾತ್ರ ನಷ್ಟವಾಗುವುದೆಂದು ತಿಳಿಯಬಾರದು. ಅಷ್ಟರಲ್ಲಿ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ವಿಚಾರದ ಎಳೆಯೂ ಕಡಿದುಹೋಗುವುದು. ಊಟಕ್ಕೆ ಕರೆದಾಗ ಮಕ್ಕಳು "ಇನ್ನೈದು ನಿಮಿಷ" ಎಂದು ಮುಖ ಸಿಂಡರಿಸುವುದಕ್ಕೆ ಅನೇಕ ವೇಳೆ ಇದೇ ಕಾರಣವೆಂದು ನಮ್ಮ ಹಳೆಯ ಶಿಷ್ಯರೊಬ್ಬರು ಹೇಳಿದರು. ಎಲ್ಲ ವೇಳೆಯಲ್ಲಿಯೂ ಅದೇ ಕಾರಣವೆಂದು ನಾವು ನಂಬಿಲ್ಲ.

ಈ ದೂರವನ್ನು ಕಳೆಯಲು ಎರಡು ಉಪಾಯಗಳನ್ನು ಕಂಡುಕೊಂಡಿರುವರು. ಅಲ್ಲಿಯ ಒಲೆಯಂಥದೇ ಒಂದನ್ನು ಇಲ್ಲಿ ಹೂಡುವುದು ಮೊದಲನೆಯದು. ಹಿಂದೆ "ನನ್ನ ಯಂತ್ರದಲ್ಲಿ ನಡೆಯಿತಲ್ಲ" ಎಂಬುದು ಈ ಕಸುಬಿನವರ ನಿತ್ಯದ ಗೋಳಾಗಿದ್ದಿತು. ಬರೆದವನ ಯಂತ್ರದಲ್ಲಿ ಇದ್ದ ಯಾವುದೋ ಸಣ್ಣ ಸಾಮಗ್ರಿ ಅಲ್ಲಿ ಇಲ್ಲದೆ ಕೆಲಸ ನಿಲ್ಲುತ್ತಿದ್ದಿತು. ೨೦೧೩ ರ ಮಾರ್ಚಿಯಲ್ಲಿ ಸಾಲಮನ್ ಹೈಕ್ಸ್ ಎಂಬವರು ಕ್ಯಾಲಿಫೋರ್ನಿಯಾದ ಸಭೆಯೊಂದರಲ್ಲಿ 'ಡಾಕರ್' ಎಂಬ ಸಾಧನವನ್ನು ತೋರಿಸಿದರು. ಮದುವೆಯ ಅಡಿಗೆಯವರು ಕೊಪ್ಪರಿಗೆ, ಸೌಟು, ಸಾರಿನ ಪುಡಿ ಎಲ್ಲವನ್ನೂ ತಾವೇ ಕಟ್ಟಿಕೊಂಡು ಬರುವಂತೆ, ಪ್ರೋಗ್ರಾಮು ತನಗೆ ಬೇಕಾದುದನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಡುವುದು. ಜಯನಗರದಲ್ಲಿ ಹೇಗೆ ಬೆಂದಿತೋ ಮುಂಬಯಿಯಲ್ಲಿಯೂ ಹಾಗೆಯೇ ಬೇಯುವುದು. ಎರಡನೆಯ ಉಪಾಯ ಇದಕ್ಕೆ ವಿಪರೀತ: ಬರೆಯುವ ಮೇಜನ್ನೇ ಒಲೆಯ ಬಳಿಗೆ ಒಯ್ಯುವುದು. ಮೈಕ್ರೋಸಾಫ್ಟಿನವರ 'ವಿಷುಯಲ್ ಸ್ಟುಡಿಯೊ ಕೋಡ್' ಎಂಬ ಎಡಿಟರಿಗೆ ೨೦೧೯ ರಲ್ಲಿ ಈ ಸಾಮರ್ಥ್ಯ ಬಂದಿತು. ತೆರೆಯೂ ಕೀಲಿಮಣೆಯೂ ಮನೆಯಲ್ಲಿರುವುವು. ಕಡತಗಳೂ ಅವನ್ನು ಓದಿ ಪರೀಕ್ಷಿಸುವ ಭಾಗವೂ ದೂರದ ಯಂತ್ರದಲ್ಲಿ ಕುಳಿತಿರುವುವು. ಬರೆಯುವವರಿಗೆ ನಡುವಣ ಸಮುದ್ರವು ಮರೆತುಹೋಗುವುದು.

ಈ ಎಡಿಟರಿನ ವಿಷಯವಾಗಿ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ಮನೆಯಲ್ಲಿ ಕಾಣುವ ಆ ಕಪ್ಪು ತೆರೆ ಬಹುಮಟ್ಟಿಗೆ ಇದೇ. ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಎರಿಕ್ ಗಾಮಾ ಎಂಬವರ ಮುಂದಾಳುತನದಲ್ಲಿ ಸಿದ್ಧವಾಗಿ ೨೦೧೫ ರಲ್ಲಿ ಪ್ರಕಟವಾದ ಇದು ಹತ್ತು ವರ್ಷದೊಳಗೆ ಲೋಕವನ್ನೆಲ್ಲ ಆವರಿಸಿತು. ಬರೆಯುತ್ತಿರುವಾಗಲೇ ತಪ್ಪಿನ ಅಡಿಯಲ್ಲಿ ಕೆಂಪು ಅಲೆಗೆರೆ ಎಳೆಯುವುದು, ಅರ್ಧ ಬರೆದ ಹೆಸರನ್ನು ಪೂರ್ತಿಮಾಡುವುದು, ಈ ಹೆಸರು ಮೊದಲು ಹುಟ್ಟಿದುದು ಎಲ್ಲಿ ಎಂದು ತೋರಿಸುವುದು, ಇವು ಇಂದಿನವರಿಗೆ ಅನ್ನನೀರಿನಂತಾಗಿವೆ. ಆದರೆ ಇದಕ್ಕಾಗಿ ಎಡಿಟರಿಗೆ ಆಯಾ ಪ್ರೋಗ್ರಾಮುಭಾಷೆಯ ವ್ಯಾಕರಣವು ತಿಳಿದಿರಬೇಕಷ್ಟೆ. ಭಾಷೆಗಳು ಇಪ್ಪತ್ತು, ಎಡಿಟರುಗಳು ಹತ್ತು ಎಂದಿಟ್ಟುಕೊಂಡರೆ, ಪ್ರತಿಯೊಂದಕ್ಕೂ ಪ್ರತಿಯೊಂದನ್ನು ಕಲಿಸಲು ಇನ್ನೂರು ಸಲ ಪಾಠವಾಗಬೇಕು. ೨೦೧೬ ರಲ್ಲಿ ಮೈಕ್ರೋಸಾಫ್ಟಿನವರು ಇತರರೊಡನೆ ಸೇರಿ ಒಂದು ಕಟ್ಟಳೆ ಮಾಡಿದರು: ಪ್ರತಿಯೊಂದು ಭಾಷೆಗೂ ಒಬ್ಬ ವೈಯಾಕರಣನು ಪ್ರತ್ಯೇಕ ಕುಳಿತಿರಲಿ, ಎಲ್ಲ ಎಡಿಟರುಗಳೂ ಒಂದೇ ರೀತಿಯಲ್ಲಿ ಅವನನ್ನು ಪ್ರಶ್ನಿಸಲಿ ಎಂದು. ಇನ್ನೂರು ಮೂವತ್ತಕ್ಕೆ ಇಳಿಯಿತು. ಇಲ್ಲಿ ನಮ್ಮ ಪಕ್ಷಪಾತವನ್ನು ವಾಚಕರು ಮನ್ನಿಸಬೇಕು: ಪ್ರೋಗ್ರಾಮುಭಾಷೆಗಳ ವ್ಯಾಕರಣವನ್ನು ಬರೆಯುವುದಕ್ಕೆ ಅಮೆರಿಕಾದ ಜಾನ್ ಬ್ಯಾಕಸ್ ಅವರು ೧೯೫೯ ರಲ್ಲಿ ಒಂದು ಕ್ರಮವನ್ನು ಸೂಚಿಸಿದರು, ೧೯೬೭ ರಲ್ಲಿ ಇಂಗರ್‌ಮನ್ ಎಂಬವರು ಆ ಕಸುಬಿನ ಪತ್ರಿಕೆಗೇ ಬರೆದು, ಇಂಥ ಕ್ರಮವನ್ನು ಪಾಣಿನಿಯು ಬಹು ಹಿಂದೆಯೇ ಬಳಸಿರುವುದರಿಂದ ಅದಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದರು. ಹೆಸರು ನಿಲ್ಲಲಿಲ್ಲ. ನಿಂತಿದ್ದರೆ ನಮ್ಮ ತರಗತಿಯಲ್ಲಿ ಅಷ್ಟಾಧ್ಯಾಯಿಯೆಂದರೆ ಆಕಳಿಸುತ್ತಿದ್ದ ಕೆಲವರಿಗೆ ಒಳ್ಳೆಯ ಉತ್ತರವಾಗುತ್ತಿದ್ದಿತು.

ದೂರದಿಂದ ಬರುವ ಎರಡನೆಯ ಕಷ್ಟವು ಕಾಯುವ ಕಷ್ಟಕ್ಕಿಂತ ಘೋರವಾದುದು. ಕಣ್ಣೆದುರಿನ ಯಂತ್ರವಾದರೆ ಯಾವುದನ್ನು ಮುಟ್ಟುತ್ತಿರುವೆವೆಂಬುದು ತಿಳಿದಿರುವುದು. ದೂರದ ಹತ್ತು ಯಂತ್ರಗಳನ್ನು ಒಂದೇ ತೆರೆಯ ಹತ್ತು ಕಿಟಕಿಗಳಲ್ಲಿ ತೆರೆದುಕೊಂಡಾಗ ಹತ್ತೂ ಒಂದೇ ಬಗೆಯ ಕರಿಹಲಗೆಗಳು. ಪ್ರೋಗ್ರಾಮುಗಳ ಮೂಲಪ್ರತಿಗಳನ್ನು ಕಾಪಾಡಿಕೊಡುವುದನ್ನೇ ವ್ಯಾಪಾರವಾಗಿ ಉಳ್ಳ ಗಿಟ್‌ಲ್ಯಾಬ್ ಎಂಬ ಕಂಪೆನಿಯಲ್ಲಿ ೨೦೧೭ ನೆಯ ಜನವರಿ ೩೧ ರಂದು ನಡೆದುದನ್ನು ಕೇಳಬೇಕು. ಅವರಲ್ಲಿ ಮೂಲಯಂತ್ರವೊಂದು, ಅದರ ನಕಲಿಟ್ಟುಕೊಳ್ಳುವ ಯಂತ್ರ ಮತ್ತೊಂದು. ನಕಲು ಸರಿಯಾಗಿ ಬರುತ್ತಿರಲಿಲ್ಲವಾಗಿ, ಹೊತ್ತು ಮೀರಿ ದುಡಿಯುತ್ತಿದ್ದ ಇಂಜಿನಿಯರರೊಬ್ಬರು ನಕಲಿನ ಯಂತ್ರದಲ್ಲಿದ್ದುದನ್ನು ಅಳಿಸಿ ಹೊಸದಾಗಿ ತುಂಬಬೇಕೆಂದು ಆಜ್ಞೆ ಬರೆದರು. ಬರೆದ ಕಿಟಕಿ ಮೂಲಯಂತ್ರದ್ದು! ಒಂದೆರಡು ಸೆಕೆಂಡಿನಲ್ಲಿಯೇ ಅರಿವಾಗಿ ತಡೆದರು. ಅಷ್ಟರಲ್ಲಿ ಸುಮಾರು ೩೦೦ ಗಿಗಾಬೈಟುಗಳಲ್ಲಿ ನಾಲ್ಕೂವರೆ ಮಾತ್ರ ಉಳಿದಿದ್ದುವು. ಆಪತ್ಕಾಲಕ್ಕೆಂದು ಐದು ಬಗೆಯ ಪ್ರತಿಗಳನ್ನು ಏರ್ಪಡಿಸಿದ್ದರು. ತೆರೆದು ನೋಡಿದರೆ ನೆಚ್ಚತಕ್ಕುದು ಒಂದೂ ಇಲ್ಲ. ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟಿದ್ದ ಪ್ರತಿಯೊಂದು ದೈವವಶಾತ್ ಸಿಕ್ಕಿ, ಆ ಆರು ಗಂಟೆಗಳಲ್ಲಿ ಜನರು ಬರೆದುದು ಮಾತ್ರ ನಷ್ಟವಾಯಿತು. ಸುಮಾರು ಐದು ಸಾವಿರ ಯೋಜನೆಗಳಿಗೆ ಇದರ ಪೆಟ್ಟು ತಗಲಿತು. ಕಂಪೆನಿಯವರು ತಪ್ಪಿದವರ ಹೆಸರನ್ನು ಬೀದಿಗೆ ತರದೆ, ನಡೆದುದೆಲ್ಲವನ್ನೂ ಸ್ವತಃ ಪ್ರಕಟಿಸಿದರು. ಅವರು ಪರಿಹಾರವಾಗಿ ಬರೆದುಕೊಂಡುದರಲ್ಲಿ ನಮ್ಮ ಮನಸ್ಸಿಗೆ ನಾಟಿದುದು ಬಹು ಸಣ್ಣ ಮಾತು: ಯಾವ ಯಂತ್ರದಲ್ಲಿರುವೆವೆಂಬುದು ಕಿಟಕಿಯಲ್ಲಿ ಕಣ್ಣಿಗೆ ಹೊಡೆಯುವಂತೆ ಬೇರೆಬೇರೆಯಾಗಿ ಕಾಣಬೇಕು. ಉಪ್ಪಿನ ಡಬ್ಬಿಗೂ ಸಕ್ಕರೆಯ ಡಬ್ಬಿಗೂ ಬೇರೆ ಬೇರೆ ಬಣ್ಣದ ಮುಚ್ಚಳವಿಡುವುದನ್ನು ಯಾವ ಗೃಹಿಣಿಯೂ ಯಾರಿಂದಲೂ ಕಲಿತುದಿಲ್ಲ.

ಇದಾಗಿ ೨೮ ದಿನಗಳಿಗೆ, ಫೆಬ್ರವರಿ ೨೮ ರ ಬೆಳಗ್ಗೆ, ವರ್ಜೀನಿಯಾದಲ್ಲಿರುವ ಅಮೆಜಾನಿನ ಮಹಾಭಂಡಾರವೇ ನಿಂತುಹೋಯಿತು. ಕೆಲವೇ ಯಂತ್ರಗಳನ್ನು ಸೇವೆಯಿಂದ ಬಿಡಿಸಬೇಕೆಂದು ನೌಕರರೊಬ್ಬರು ಪದ್ಧತಿಯಂತೆಯೇ ಆಜ್ಞೆಯೊಂದನ್ನು ಕೊಟ್ಟರು. ಅದರಲ್ಲಿ ಒಂದು ಅಂಶ ತಪ್ಪಾಗಿ ಬಿದ್ದು, ಉದ್ದೇಶಿಸಿದುದಕ್ಕಿಂತ ಬಹಳ ಹೆಚ್ಚು ಯಂತ್ರಗಳು ಕಳಚಿಕೊಂಡುವು. ಪೂರ್ವಸ್ಥಿತಿಗೆ ಬರಲು ನಾಲ್ಕು ಗಂಟೆಗಳಿಗೂ ಮಿಕ್ಕಿ ಹಿಡಿಯಿತು. ಆ ಭಂಡಾರವನ್ನು ನಂಬಿದ್ದ ಎಷ್ಟೋ ಸಂಸ್ಥೆಗಳ ವ್ಯವಹಾರ ಅಷ್ಟು ಹೊತ್ತೂ ಸ್ತಬ್ಧವಾಯಿತು. ತಮ್ಮ ಸೇವೆಗಳು ಕ್ಷೇಮವೋ ಅಲ್ಲವೋ ಎಂದು ಲೋಕಕ್ಕೆ ತಿಳಿಸುವ ಫಲಕವನ್ನು ಬದಲಿಸೋಣವೆಂದರೆ, ಆ ಫಲಕವೂ ಅದೇ ಭಂಡಾರವನ್ನು ಆಶ್ರಯಿಸಿದ್ದಿತು! ಕಂಪೆನಿಯ ವರದಿಯಲ್ಲಿ ನೌಕರರ ನಿಂದೆಯಿಲ್ಲ. ಆ ಆಜ್ಞೆಯನ್ನು ನಡೆಸುವ ಸಾಧನವನ್ನು ತಿದ್ದಿ, ಯಂತ್ರಗಳನ್ನು ಮೆಲ್ಲಮೆಲ್ಲನೆ ಬಿಡಿಸುವಂತೆಯೂ, ಕನಿಷ್ಠ ಸಂಖ್ಯೆಗಿಂತ ಕೆಳಗೆ ಇಳಿಯಗೊಡದಂತೆಯೂ ಮಾಡಿದೆವೆಂದು ಹೇಳಿದೆ. ಇದು ಪ್ರಶಸ್ತವಾದ ಕ್ರಮ. ಹುಡುಗನು ಮಸಿಕುಡಿಕೆಯನ್ನು ಚೆಲ್ಲಿದರೆ ಬೆತ್ತ ಹಿಡಿಯುವ ಮೇಷ್ಟರನ್ನೂ ನಾವು ಕಂಡಿದ್ದೇವೆ, ಮೇಜಿನಲ್ಲಿ ಕುಡಿಕೆ ಕೂರುವಂತೆ ಗುಳಿ ತೋಡಿಸಿದವರನ್ನೂ ಕಂಡಿದ್ದೇವೆ.

ಆದುದರಿಂದ ಈ ಕಸುಬಿನವರು ಕೈಯನ್ನು ಚುರುಕುಮಾಡುವ ಸಾಧನವನ್ನು ಬಯಸುವಂತೆಯೇ ಕೈಯನ್ನು ತಡೆಯುವ ಸಾಧನವನ್ನೂ ಬಯಸುವರು. ತಿದ್ದಿದ ಪ್ರತಿಯೊಂದು ಪಾಠವನ್ನೂ ಯಾರು, ಎಂದು, ಏಕೆ ತಿದ್ದಿದರೆಂಬುದರೊಡನೆ ಉಳಿಸಿಕೊಳ್ಳುವ 'ಗಿಟ್' ಎಂಬುದು, ಫಿನ್ಲೆಂಡಿನಲ್ಲಿ ಹುಟ್ಟಿದ ಲಿನಸ್ ಟೊರ್ವಾಲ್ಡ್ಸ್ ಅವರು ೨೦೦೫ ರಲ್ಲಿ ರಚಿಸಿದುದು. ಗ್ರಂಥಸಂಪಾದನೆ ಮಾಡುವವರು ಪಾಠಾಂತರಗಳನ್ನು ಅಡಿಯಲ್ಲಿ ಕೊಡುವಂತೆ ಇದು. ಇನ್ನು 'ಟೆರಾಫಾರ್ಮ್' ಎಂಬುದು ೨೦೧೪ ರಲ್ಲಿ ಬಂದಿತು. ಮೇಘದಲ್ಲಿ ತಮಗೆ ಯಾವ ಯಾವ ಯಂತ್ರ ಎಷ್ಟೆಷ್ಟು ಬೇಕೆಂಬುದನ್ನು ಬರೆದುಕೊಟ್ಟರೆ, ಅದು ಕೂಡಲೆ ಕೆಲಸಕ್ಕೆ ಕೈಹಾಕದೆ, ಮೊದಲು ಒಂದು ಪಟ್ಟಿಯನ್ನು ಮುಂದಿಡುವುದು: ಹೊಸದಾಗಿ ಸೇರುವುವು ಇಷ್ಟು, ಬದಲಾಗುವುವು ಇಷ್ಟು, ನಾಶವಾಗುವುವು ಇಷ್ಟು. "ಅಹುದು" ಎಂದು ಬರೆದ ಹೊರತು ಮುಂದುವರಿಯದು. ಶುಭಕಾರ್ಯಕ್ಕೆ ಮುನ್ನ ದೇಶಕಾಲಗಳನ್ನು ಹೇಳಿ ಸಂಕಲ್ಪಮಾಡುವ ನಮಗೆ ಇದರ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಮೇಘದ ಯಂತ್ರವನ್ನು ನಿಲ್ಲಿಸಲು ಮರೆತರೆ ಬಾಡಿಗೆಯೂ ನಿಲ್ಲದೆ ಏರುತ್ತಿರುವುದಾದ್ದರಿಂದ, ಖರ್ಚಿನ ಅಂದಾಜನ್ನೂ ಮುಂಚೆಯೇ ಕಾಣಬೇಕೆಂಬ ಬಯಕೆಯೂ ಇದರೊಡನೆ ಸೇರಿದೆ.

೨೦೨೧ ರಿಂದ ಈಚೆಗೆ, ನಾಲ್ಕಕ್ಷರ ಬರೆಯುವಷ್ಟರಲ್ಲಿ ನಾಲ್ಕು ಸಾಲನ್ನು ತಾನೇ ಸೂಚಿಸುವ ಕೃತಕಬುದ್ಧಿಯ ಸಹಾಯಕರೂ ಎಡಿಟರಿನೊಳಗೆ ಬಂದು ಕುಳಿತಿರುವರು. ಎಳೆಯರು ಇವರನ್ನು ಬಹಳ ಮೆಚ್ಚುವರು. ಪಕ್ಕದ ಹುಡುಗನ ಹಲಗೆಯನ್ನು ನೋಡಿ ಲೆಕ್ಕ ಬರೆದವನಿಗೆ ಉತ್ತರ ಬಂದಿತೇ ಹೊರತು ಲೆಕ್ಕ ಬಂದಿತೆಂದು ನಾವು ಎಂದೂ ಅಂಕ ಕೊಟ್ಟಿಲ್ಲ. ಆದರೆ ಲೆಕ್ಕ ಬಲ್ಲವರಿಗೆ ಇದರಿಂದ ಶ್ರಮ ಉಳಿಯುವುದು ನಿಜ. ಒಂದು ಕೊರತೆಯನ್ನು ಮಾತ್ರ ಯಾರೂ ತೀರಿಸಿದಂತಿಲ್ಲ. ಈ ಎಡಿಟರುಗಳೆಲ್ಲ ಪ್ರತಿಯೊಂದು ಅಕ್ಷರಕ್ಕೂ ಸಮನಾದ ಅಗಲವನ್ನಿಟ್ಟು ಸಾಲುಗಳನ್ನು ಜೋಡಿಸುವುವು. ಒತ್ತಕ್ಷರ ದೀರ್ಘಗಳಿಂದ ಕೂಡಿದ ನಮ್ಮ ಕನ್ನಡವು ಆ ಸಮಪಾಲಿನ ಮನೆಗಳಲ್ಲಿ ಹಿಡಿಸದೆ, ನೇರವಾಗಿ ನಿಲ್ಲಬೇಕಾದ ಕಂಬಸಾಲುಗಳು ಓರೆಕೋರೆಯಾಗುವುವು.

ಕಡೆಯದಾಗಿ, ಲೇಖನಿಯ ಒಡೆತನದ ವಿಚಾರ. ಬಡಗಿಯ ಉಳಿ ಬಡಗಿಯದೇ. ಮಾರಿದವನು ಹತ್ತು ವರ್ಷದ ಮೇಲೆ ಬಂದು ಹಿಂದಕ್ಕೆ ಕೇಳಲಾರನು. ಇವರ ಸ್ಥಿತಿ ಹಾಗಿಲ್ಲ. ಗಿಟ್‌ಹಬ್ ಕಂಪೆನಿಯು ೨೦೧೪ ರಲ್ಲಿ ಹೊರತಂದ 'ಆಟಮ್' ಎಂಬ ಎಡಿಟರನ್ನು ಅನೇಕರು ಪ್ರೀತಿಯಿಂದ ಕೈಗೆ ಒಗ್ಗಿಸಿಕೊಂಡಿದ್ದರು. ೨೦೧೮ ರಲ್ಲಿ ಆ ಕಂಪೆನಿ ಮೈಕ್ರೋಸಾಫ್ಟಿನ ಪಾಲಾಯಿತು. ೨೦೨೨ ನೆಯ ಡಿಸೆಂಬರ್ ೧೫ ರಂದು 'ಆಟಮ್' ನಿಂತುಹೋಯಿತು. ಬರೆಯುವ ಮೇಜೇ ಮೇಘದಲ್ಲಿರುವ 'ಕ್ಲೌಡ್ ನೈನ್' ಎಂಬುದನ್ನು ಅಮೆಜಾನಿನವರು ೨೦೧೬ ರಲ್ಲಿ ಕೊಂಡರು. ೨೦೨೪ ರ ಜುಲೈಯಿಂದ ಹೊಸಬರಿಗೆ ಅದರ ಬಾಗಿಲು ಮುಚ್ಚಿದೆ. ಮೇಲೆ ಹೊಗಳಿದ 'ಟೆರಾಫಾರ್ಮ್' ಸಹ, ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಬಹುದೆಂದಿದ್ದ ತನ್ನ ಕರಾರನ್ನು ೨೦೨೩ ರ ಆಗಸ್ಟಿನಲ್ಲಿ ಬಿಗಿಮಾಡಿತು; ಒಪ್ಪದವರು ಹಳೆಯ ಪ್ರತಿಯಿಂದ 'ಓಪನ್ ಟೋಫು' ಎಂಬ ಬೇರೆ ಶಾಖೆಯನ್ನು ಕಟ್ಟಿಕೊಂಡರು. 'ವಿಷುಯಲ್ ಸ್ಟುಡಿಯೊ ಕೋಡ್' ಎಂಬುದರ ಮೂಲವೇನೋ ಬಹಿರಂಗವಾಗಿದೆ. ಆದರೆ ಅದನ್ನು ದೂರದ ಯಂತ್ರಕ್ಕೆ ಕಟ್ಟುವ ಆ ಮುಖ್ಯವಾದ ಭಾಗವನ್ನು ಕಂಪೆನಿಯು ತನ್ನಲ್ಲಿಯೇ ಇಟ್ಟುಕೊಂಡಿದೆ. ದೂರವು ಕಳೆಯಿತು, ಸೇತುವೆಯ ಬೀಗದಕೈ ಇನ್ನೊಬ್ಬರ ಸೊಂಟದಲ್ಲಿದೆ. ಅನುಭವಸ್ಥರು ಇದನ್ನೆಲ್ಲ ಕಂಡು, ದೊಡ್ಡ ಎಡಿಟರನ್ನು ದಿನವೂ ಬಳಸುತ್ತಿದ್ದರೂ, ಯಾರೂ ಕಸಿಯಲಾರದ ಒಂದು ಸಣ್ಣ ಚೂರಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವರು.

ಆ ಚೂರಿ ಯಾವುದೆಂದರೆ ಬಿಲ್ ಜಾಯ್ ಅವರ 'ವೀ-ಐ' ವಂಶದ್ದೇ. ಹಾಲೆಂಡಿನ ಬ್ರಾಮ್ ಮೂಲೆನಾರ್ ಎಂಬವರು ಅದನ್ನು ಬೆಳೆಸಿ ೧೯೯೧ ರಲ್ಲಿ 'ವಿಮ್' ಎಂದು ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಪ್ರತಿಫಲ ಕೊಡಬೇಕೆನ್ನುವವರು ಉಗಾಂಡಾ ದೇಶದ ಅನಾಥ ಮಕ್ಕಳಿಗೆ ಕೊಡಿರೆಂದು ಅದರ ಮೊದಲ ಪುಟದಲ್ಲಿಯೇ ಬರೆದರು. ಮೂವತ್ತೆರಡು ವರ್ಷ ಅದನ್ನು ತಿದ್ದಿ ಕಾಪಾಡಿ, ೨೦೨೩ ನೆಯ ಆಗಸ್ಟ್ ೩ ರಂದು ತೀರಿಕೊಂಡರು. ಜೊತೆಗಾರರು ಕೆಲಸವನ್ನು ಮುಂದುವರಿಸಿರುವರು. ಬಾಡಿಗೆಗೆ ಹಿಡಿದ ದೂರದ ಯಂತ್ರಗಳಲ್ಲಿ ಬೇರೇನಿಲ್ಲದಿದ್ದರೂ ಈ ವಂಶದ ಒಂದು ಕುಡಿ ಸಾಮಾನ್ಯವಾಗಿ ಇದ್ದೇ ಇರುವುದು. ಅದರೊಳಗೆ ಅರಿಯದೆ ಹೊಕ್ಕ ಹೊಸಬರಿಗೆ ಹೊರಬರುವ ದಾರಿ ತಿಳಿಯದೆ ಒದ್ದಾಡುವುದು ಈ ಕಸುಬಿನಲ್ಲಿ ಹಳೆಯ ಹಾಸ್ಯ. ದಾರಿ ಯಾವುದೆಂದು ಸ್ಟಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರದ ತಾಣದಲ್ಲಿ ಹುಡುಕಿದವರ ಎಣಿಕೆ ೨೦೧೭ ರಲ್ಲಿ ಹತ್ತು ಲಕ್ಷ ದಾಟಿತು. ಮನೆಯ ಹಿರಿಯರು ತಿಳಿದಿದ್ದು ಒಮ್ಮೆ ಮಕ್ಕಳನ್ನು ಬೆರ­ಗುಗೊಳಿಸಬಹುದಾದುದರಿಂದ ಹೇಳುವೆವು: ಮೊದಲು 'ಎಸ್ಕೇಪ್' ಎಂಬ ಕೀಲಿ, ಬಳಿಕ ಮೇಲೊಂದು ಕೆಳಗೊಂದು ಇರುವ ಎರಡು ಚುಕ್ಕೆ, ಆಮೇಲೆ 'ಕ್ಯು' ಅಕ್ಷರ, ಆಶ್ಚರ್ಯಸೂಚಕ ಚಿಹ್ನೆ, ಕೊನೆಗೆ 'ಎಂಟರ್'. ಬರೆದುದು ಉಳಿಯಬೇಕಾಗಿದ್ದರೆ ಆಶ್ಚರ್ಯಸೂಚಕವನ್ನು ಬಿಟ್ಟು, 'ಕ್ಯು' ವಿನ ಮುಂಚೆ ಒಂದು 'ಡಬ್ಲ್ಯು' ಸೇರಿಸಬೇಕು.